ಕೊಡುವ ಕೈ, ಕೊಳ್ಳುವ ಕೈ

2025ರಲ್ಲಿ ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಾಗ ನಮ್ಮ ಜಿಲ್ಲೆಯವರೆಲ್ಲರೂ ಹಿಗ್ಗಿದೆವು. ಪರದೆಯ ಹಿಂದೆ ದೀಪವಿರಿಸಿ, ತೊಗಲುಗೊಂಬೆಗಳನ್ನು ಕುಣಿಸುತ್ತ, ರಾಮಾಯಣ ಮಹಾಭಾರತಗಳನ್ನು ಜನರ ಕಣ್ಣಿಗೆ ಕಟ್ಟುತ್ತ ಬಂದ ಈ ತಾಯಿಗೆ ಆಗ ತೊಂಬತ್ತಾರು ವರ್ಷ. ಅವರ ಗೊಂಬೆಗಳು ಹನ್ನೆರಡಕ್ಕೂ ಹೆಚ್ಚು ದೇಶಗಳಲ್ಲಿ ಕುಣಿದಿವೆ. ಆ ಸಂತೋಷದ ದಿನಗಳಲ್ಲಿ ನನ್ನ ತರಗತಿಯ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆ ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ. ಅವನ ತಂದೆ ಕುಷ್ಟಗಿ ಕಡೆಯ ಹಳ್ಳಿಯೊಂದರಲ್ಲಿ ದೊಡ್ಡಾಟದ ಪಾತ್ರಧಾರಿ. “ಸರ್, ನಮ್ಮೋರು ಅವರ ದೇಶಕ್ಕ ಹೋಗಿ ಆಡಿ ಬಂದ್ರು, ಖರೆ, ಆದ್ರ ಅವರೊಳಗ ಯಾರರ ನಮ್ಮೂರಿಗೆ ಬಂದು ನಾಕು ದಿನ ಕೂತು ಕಲ್ತು ಹೋಗ್ಯಾರೇನ್ರಿ?” ಎಂದನವನು.

ಪ್ರಶ್ನೆ ಚಿಕ್ಕದು, ಉತ್ತರ ಸುಲಭವಲ್ಲ. ಸಾಂಸ್ಕೃತಿಕ ವಿನಿಮಯವೆಂಬ ಮಾತು ಈಗ ಪ್ರತಿಯೊಂದು ಉತ್ಸವದ ಆಹ್ವಾನಪತ್ರಿಕೆಯಲ್ಲಿಯೂ ಕಾಣಿಸುತ್ತದೆ. ವಿನಿಮಯವೆಂದರೆ ಕೊಟ್ಟು ಕೊಳ್ಳುವುದಷ್ಟೆ? ಒಂದು ರಾತ್ರಿ ಆಡಿ ತೋರಿಸಿ, ಶಾಲು ಹೊದೆಸಿಕೊಂಡು ಮರಳಿದರೆ ಅದು ಪ್ರದರ್ಶನವಾದೀತೇ ಹೊರತು ವಿನಿಮಯವೆನಿಸದು.

ನಿಜವಾದ ವಿನಿಮಯ ಹೇಗಿರುತ್ತದೆಂಬುದಕ್ಕೆ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಪ್ರೊತಿಮಾ ಬೇಡಿಯವರು 1990ರಲ್ಲಿ ಕಟ್ಟಿದ ನೃತ್ಯಗ್ರಾಮ ಒಡಿಸ್ಸಿಯ ನೆಲೆ. ಕೊಲಂಬೊ ನಗರದ ಚಿತ್ರಸೇನ ತಂಡವು ಸಿಂಹಳದ ಕ್ಯಾಂಡಿ ನೃತ್ಯಕ್ಕೆ ಹೆಸರಾದುದು. ಇವೆರಡೂ ಕೂಡಿ 2012ರಲ್ಲಿ ‘ಸಂಹಾರ’ವೆಂಬ ನೃತ್ಯವನ್ನು ರಂಗಕ್ಕೆ ತಂದವು, ಮುಂದೆ ‘ಆಹುತಿ’ಯಲ್ಲಿ ಮತ್ತೆ ಜೊತೆಗೂಡಿದವು. ಒಂದು ಕಡೆ ತ್ರಿಭಂಗಿಯ ಬಳುಕು, ಮರ್ದಲದ ನಾದ. ಇನ್ನೊಂದು ಕಡೆ ಮಂಡಿಯನ್ನು ಅಗಲಕ್ಕೆ ಬಾಗಿಸಿ ನಿಂತ ದೃಢವಾದ ನಿಲುವು, ಗೆಟ ಬೆರ ಎಂಬ ಚರ್ಮವಾದ್ಯದ ಗುಡುಗು. ಇವೆರಡನ್ನೂ ಅರೆದು ಮೂರನೆಯದೊಂದನ್ನು ಮಾಡುವ ಗೋಜಿಗೆ ಅವರು ಹೋಗಲಿಲ್ಲ. ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ನಿಂತಾಗಲೇ ಇಬ್ಬರ ಗುಣವೂ ಎದ್ದು ಕಂಡಿತು.

ಈ ನಂಟಿಗೆ ಹಿಂದಣ ಋಣವೂ ಉಂಟು. ಚಿತ್ರಸೇನರು ಎಳೆಯ ವಯಸ್ಸಿನಲ್ಲಿ ಭಾರತಕ್ಕೆ ಬಂದು ಗುರು ಗೋಪಿನಾಥರಲ್ಲಿ ಕಥಕಳಿಯನ್ನು ಕಲಿತು, ಶಾಂತಿನಿಕೇತನದಲ್ಲಿಯೂ ಇದ್ದು ಹೋದವರು. ಹಾಗೆ ಕಲಿತವರು ಕಥಕಳಿಯವರಾಗಿ ಉಳಿಯಲಿಲ್ಲ. ತಮ್ಮ ನಾಡಿನಲ್ಲಿ ಗಂಡಸರ ಆಚರಣೆಯ ಕುಣಿತವಾಗಿದ್ದ ಕ್ಯಾಂಡಿ ನೃತ್ಯವನ್ನು ರಂಗಭೂಮಿಗೆ ತಂದರು. ಅವರ ಪತ್ನಿ ವಜಿರಾ ಅದರಲ್ಲಿ ಹೆಂಗಸರಿಗೂ ದಾರಿ ಮಾಡಿಕೊಟ್ಟರು. ಪರರಿಂದ ಕೊಂಡದ್ದು ತಮ್ಮದನ್ನು ಕಾಣುವ ಕಣ್ಣಾಯಿತು.

ಕನ್ನಡದ ಓದುಗರಿಗೆ ಇದು ಹೊಸ ಮಾತಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ದಿಂದ ಧಾರಾಳವಾಗಿ ಎರವು ತಂದಿತು, ಆದರೆ ಚತ್ತಾಣ, ಬೆದಂಡೆಗಳೆಂಬ ಕನ್ನಡದ ಸ್ವಂತ ಪ್ರಕಾರಗಳನ್ನು ಮರೆಯಲಿಲ್ಲ. ಕನ್ನಡದ ತಿರುಳಿನ ನೆಲವನ್ನು ಗುರುತಿಸುವಾಗ ಆ ಗ್ರಂಥ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಅದೇ ನಮ್ಮ ಇಂದಿನ ಕೊಪ್ಪಳ. ಎರವು ತರುವುದಕ್ಕೂ ತನ್ನತನ ಕಾಯುವುದಕ್ಕೂ ವಿರೋಧವಿಲ್ಲವೆಂಬುದನ್ನು ಆ ಗ್ರಂಥವೇ ತೋರಿಸಿಕೊಟ್ಟಿದೆ.

ಹೀಗಿದ್ದರೂ ಇಂದು ನಮ್ಮಲ್ಲಿ ನಡೆಯುತ್ತಿರುವುದೇನು? ದೊಡ್ಡಾಟವೆಂದರೆ ಬೆಳ್ಳನೆ ಬೆಳಗಾಗುವ ಆಟ. ಹೊಲದ ಕೆಲಸ ಮುಗಿದ ಮೇಲೆ ಮಾಸ್ತರರನ್ನು ಕರೆಸಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ವೇಷಭೂಷಣಗಳನ್ನು ಬಾಡಿಗೆಗೆ ತಂದು, ಊರವರೇ ವಂತಿಗೆ ಎತ್ತಿ ಆಡಬೇಕು. ಅಂಥ ಆಟಕ್ಕೆ ಉತ್ಸವದ ವೇದಿಕೆ ಕೊಡುವುದು ಹತ್ತು ಹದಿನೈದು ನಿಮಿಷ. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಬಹುಮಟ್ಟಿಗೆ ಮೆರವಣಿಗೆಯಲ್ಲಿ ಕುಣಿಯುತ್ತಾರೆ; ವೇದಿಕೆಯ ಮೇಲೆ ಕುಣಿಯುವವರು ನಗರದಿಂದ ಬಂದ ತಂಡದವರು. ಒಂದೇ ಉತ್ಸವದಲ್ಲಿ ಕುಣಿದ ಈ ಮೂವರೂ ಒಬ್ಬರ ಹೆಸರನ್ನೊಬ್ಬರು ಕೇಳದೆ ಮರುದಿನ ಬೇರೆ ಬೇರೆ ಬಸ್ಸು ಹತ್ತುವುದನ್ನು ನಾನು ಕಂಡಿದ್ದೇನೆ. ದೂರದ ದೇಶದವರೊಡನೆ ವಿನಿಮಯದ ಮಾತಾಡುವ ಮೊದಲು ನೆರೆಯವರ ಪರಿಚಯವಾದರೂ ಬೇಡವೆ?

ಮಾಡಬಹುದಾದದ್ದು ಬಹಳವಿಲ್ಲ, ಆದರೆ ಉಂಟು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮೇಳದವರು ಕೂಡಿ ವೇಷಭೂಷಣಗಳ ಒಂದು ಸಾಮಾನ್ಯ ಭಂಡಾರವನ್ನು ಇರಿಸಿಕೊಂಡರೆ ಬಾಡಿಗೆಯ ಹೊರೆ ಇಳಿದೀತು. ಆನೆಗೊಂದಿ, ಕನಕಗಿರಿ ಉತ್ಸವಗಳಿಗೆ ಬರುವ ಕಲಾವಿದರು ಒಂದು ವಾರ ಮೊದಲೇ ಬಂದು ಹಳ್ಳಿಯ ತಾಲೀಮಿನಲ್ಲಿ ಕುಳಿತರೆ ಅವರೂ ಕಲಿತಾರು, ಕಲಿಸಿಯಾರು. ನಮ್ಮ ಕಾಲೇಜುಗಳು ಜನಪದ ಸಾಹಿತ್ಯದ ಪಾಠಕ್ಕೆ ವರ್ಷಕ್ಕೊಬ್ಬ ಮಾಸ್ತರರನ್ನಾದರೂ ಗೌರವಧನವಿತ್ತು ಕರೆಯಬಹುದು. ಆಟದ ಮಟ್ಟನ್ನು ಕೇಳದೆ ಅದರ ಪದ್ಯಕ್ಕೆ ಪ್ರತಿಪದಾರ್ಥ ಬರೆಯಿಸುವ ನನ್ನಂಥ ಅಧ್ಯಾಪಕನಿಗೂ ಇದರಿಂದ ಉಪಕಾರವೇ.

ಆ ಹುಡುಗನಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಬರುವ ತಾಲೀಮಿಗೆ ಅವನ ಊರಿಗೆ ಬರುವೆನೆಂದು ಮಾತ್ರ ಹೇಳಿದ್ದೇನೆ. ಕಲಿಯಲು ಹೊರಗಿನವರು ಬರಲಿಲ್ಲವೆಂದು ಕೊರಗುವ ನಾವು ಮೊದಲು ಹೋಗಿ ಕೂರಬೇಕಾದದ್ದು ಅಲ್ಲಿಯೇ.