ಮೂಗಿನ ಅಚ್ಚು

ಅಂಕೋಲೆಯ ಒಂದು ಚಿತ್ರಸ್ಪರ್ಧೆಗೆ ನನ್ನನ್ನು ತೀರ್ಪುಗಾರನೆಂದು ಕರೆದಿದ್ದರು. ಬರೆಯಬೇಕಾದದ್ದು, 2024ರಲ್ಲಿ ತೀರಿಕೊಂಡ ಹೊನ್ನಳ್ಳಿಯ ತುಳಸಿ ಗೌಡರ ಮುಖ. ಹಾಲಕ್ಕಿಯವರ ಕೊರಳ ಮಣಿಸರಗಳನ್ನು ಮಕ್ಕಳು ಎಣಿಸಿ ಎಣಿಸಿ ಬರೆದಿದ್ದರು. ಮೂಗನ್ನು ಮಾತ್ರ, ಒಬ್ಬ ಹುಡುಗನ ಹೊರತು, ಯಾರೂ ನೋಡಿರಲಿಲ್ಲ. ಉಳಿದ ಹಾಳೆಗಳ ತುಂಬ ರವಿವರ್ಮನ ಲಕ್ಷ್ಮಿಯ ನೀಳ ಮೂಗು!

ತಪ್ಪು ಮಕ್ಕಳದಲ್ಲ. ನಡುವೆ ದೊಡ್ಡ ಗೋಲಿ, ಪಕ್ಕಕ್ಕೆರಡು ಸಣ್ಣ ಗೋಲಿ, ಮೇಲೆ ಎರಡು ಗೆರೆ. ಮೂಗೆಂದರೆ ಇಷ್ಟೇ ಎಂದು ಕಲಿಸಿದವರದು. ಆ ಎರಡು ಗೆರೆ ಯಾರ ಮುಖದಲ್ಲಿವೆ, ಸ್ವಾಮಿ? ಮೂಗಿನ ಮೇಲ್ಭಾಗ ಎಲುಬು, ಕೆಳಗೆ ಮೃದ್ವಸ್ಥಿ. ಅವೆರಡೂ ಕೂಡುವಲ್ಲಿ ಬೆಳಕು ತಿರುಗುತ್ತದೆ, ಬದಿಗೆ ನೆರಳು ಇಳಿಯುತ್ತದೆ. ಬರೆಯಬೇಕಾದದ್ದು ಆ ನೆರಳನ್ನು.

ಅಳತೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರ 12 ಅಂಗುಲದ ಮುಖದಲ್ಲಿ ಮೂಗಿಗೆ 4 ಅಂಗುಲ ಕೊಟ್ಟಿದೆ. ಅದು ಆದರ್ಶದ ಲೆಕ್ಕ. ಅದರಿಂದ ನೆರೆಮನೆಯವಳ ಗುರುತು ಸಿಕ್ಕೀತೆ? ನಮ್ಮ ಕವಿಗಳೂ ಕಡಿಮೆಯವರಲ್ಲ. ಕಂಡ ಕಂಡ ಚೆಲುವೆಗೆಲ್ಲ ಸಂಪಿಗೆಯ ಮೂಗು ಅಂಟಿಸಿದರು. ಅದನ್ನು ತರಗತಿಯಲ್ಲಿ ಹೊಗಳಿದ ಪಾಪ ನನ್ನದೂ ಇದೆ.

ಚಿತ್ರದ ಮಾಸ್ತರರು ತಮ್ಮ ಮೂಗು ಮುಚ್ಚಿಕೊಳ್ಳದೆ ಹುಡುಗರನ್ನು ಕಾರವಾರದ ಮೀನುಪೇಟೆಗೆ ಒಯ್ಯಲಿ. ಪೆನ್ಸಿಲು ಮುಟ್ಟದೆ ಒಂದು ತಾಸು ಸುಮ್ಮನೆ ನೋಡಲಿ: ಚಪ್ಪಟೆ, ಮೊಂಡು, ಗಿಣಿಮೂಗು, ಮೂಗುತಿಯ ಭಾರಕ್ಕೆ ಹೊಳ್ಳೆ ಜಗ್ಗಿದ್ದು. ಒಂದರಂತೆ ಇನ್ನೊಂದಿಲ್ಲ.

ನೋಡಿದ್ದ ಆ ಒಬ್ಬ ಹುಡುಗನ ಹಾಳೆ, ಒರೆಸಿ ಒರೆಸಿ, ಸರಿಯಾಗಿ ಮೂಗಿನಲ್ಲೇ ತೂತಾಗಿತ್ತು. ನಾನು ಅದನ್ನು ಬಹುಮಾನಕ್ಕೆ ಎತ್ತಿಟ್ಟೆ. ಗಲೀಜೆಂದು ಜೊತೆಯ ತೀರ್ಪುಗಾರರು ಬದಿಗೆ ಸರಿಸಿದರು.