ಕವಡೆಯೂ ಕಕ್ಷೆಯೂ

ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ಚೌಕಾಬಾರ ಆಡುವುದು ಕನ್ನಡ ನಾಡಿನ ಮಕ್ಕಳ ಹಳೆಯ ರೂಢಿ. ನಾಲ್ಕು ಕವಡೆಗಳು ಉರುಳುತ್ತವೆ. ಬಿದ್ದ ಗರಕ್ಕೆ ತಕ್ಕಂತೆ ಕಾಯಿ ನಡೆಯುತ್ತದೆ. ಇದೇ ಕವಡೆಗಳಿಂದ ಗ್ರಹಗಳನ್ನೂ ನಡೆಸಬಹುದು. ಹಾಳೆಯ ನಡುವೆ ಸೂರ್ಯನನ್ನು ಬರೆದು, ಗರ ಬಿದ್ದಷ್ಟು ದೂರದಲ್ಲಿ ಒಂದೊಂದು ಗ್ರಹವನ್ನಿರಿಸಿ, ಹೊಸ ಹೊಸ ಗ್ರಹಮಂಡಲಗಳನ್ನು ಕಟ್ಟುವ ಆಟಗಳು ಇಂದು ಲೋಕದ ಹಲವೆಡೆ ಬಳಕೆಯಲ್ಲಿವೆ. ದಾಳಕ್ಕೂ ಖಗೋಳಶಾಸ್ತ್ರಕ್ಕೂ ಎತ್ತಣ ಸಂಬಂಧವೆಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಆದರೆ ಸರಿಯಾಗಿ ಆಡಿದರೆ ಈ ಆಟವು ಆಕಸ್ಮಿಕಕ್ಕೂ ನಿಯಮಕ್ಕೂ ನಡುವಣ ಎಲ್ಲೆಯನ್ನು ತೋರಿಸಿಕೊಡುತ್ತದೆ. ಆ ಎಲ್ಲೆಯನ್ನರಿಯುವುದು ಬಾಳಿಗೂ ಬೇಕಾದ ವಿದ್ಯೆ.

ಗ್ರಹದ ದೂರವನ್ನು ಕವಡೆಗೆ ಬಿಡಬಹುದು; ಅದರ ವರ್ಷವನ್ನು ಬಿಡಲಾಗದು. ಸೂರ್ಯನಿಂದ ಗ್ರಹಕ್ಕಿರುವ ಸರಾಸರಿ ದೂರದ ಘನವೂ ಅದರ ಪರಿಭ್ರಮಣ ಕಾಲದ ವರ್ಗವೂ ಒಂದೇ ಪ್ರಮಾಣದಲ್ಲಿರುತ್ತವೆ ಎಂಬ ನಿಯಮವನ್ನು ಕೆಪ್ಲರನು 1619ರಲ್ಲಿ ಪ್ರಕಟಿಸಿದನು. ಭೂಮಿಯ ದೂರವನ್ನು 1 ಎಂದೂ ಅದರ ಕಾಲವನ್ನು 1 ವರ್ಷವೆಂದೂ ಎಣಿಸಿದರೆ ಇವೆರಡೂ ಸಮವಾಗುತ್ತವೆ. ನಾಲ್ಕು ಕವಡೆಗಳೂ ಬಾಯಿ ಮೇಲಾಗಿ ಬಿದ್ದು ‘ಚೌಕ’ವಾಯಿತೆನ್ನೋಣ. ದೂರ 4; ಅದರ ಘನ 64; ಅದರ ವರ್ಗಮೂಲ 8. ನಮ್ಮ ಸೂರ್ಯನಂಥ ನಕ್ಷತ್ರವನ್ನು ಒಮ್ಮೆ ಸುತ್ತಲು ಆ ಗ್ರಹಕ್ಕೆ 8 ವರ್ಷ ಬೇಕೇ ಬೇಕು. ಮತ್ತೊಮ್ಮೆ ಕವಡೆ ಹಾಕಿ, ಮೂರು ಬಿದ್ದಿತೆಂದು ಮೂರೇ ವರ್ಷ ಕೊಟ್ಟರೆ ಅದು ಗ್ರಹವಲ್ಲ, ಬರಿಯ ಬೊಂಬೆ.

ಕವಡೆಯೂ ಮನಬಂದಂತೆ ಬೀಳುವುದಿಲ್ಲ. ಅದರ ಎರಡು ಮಗ್ಗುಲುಗಳೂ ಸಮವಾಗಿ ಬೀಳುತ್ತವೆಂದರೆ, ನಾಲ್ಕು ಕವಡೆಗಳು ಬೀಳುವ ಬಗೆಗಳು ಒಟ್ಟು 16. ಅವುಗಳಲ್ಲಿ ಎರಡರ ಗರಕ್ಕೆ 6 ಬಗೆಗಳುಂಟು. ಚೌಕಕ್ಕೆ ಒಂದೇ ಒಂದು. ಮುಂದಿನ ಗರ ಯಾವುದೆಂದು ಯಾರೂ ಹೇಳಲಾರರು. ನೂರಾರು ಸಲ ಎಸೆದರೆ ಯಾವುದು ಹೆಚ್ಚು ಬೀಳುವುದೆಂದು ಎಲ್ಲರೂ ಹೇಳಬಲ್ಲರು.

ಹಾಗಾದರೆ ದಾಳವನ್ನು ಬಿಟ್ಟು, ಸುಂದರವಾದ ಅಂಕಿಗಳ ಸಾಲಿನಂತೆ ಗ್ರಹಗಳನ್ನು ಜೋಡಿಸಬಾರದೇಕೆ? ಹದಿನೆಂಟನೆಯ ಶತಮಾನದಲ್ಲಿ ಟಿಷಿಯಸ್ ಮತ್ತು ಬೋಡ್ ಅಂಥದೊಂದು ಸಾಲನ್ನು ಮುಂದಿಟ್ಟರು. 1781ರಲ್ಲಿ ಕಂಡ ಯುರೇನಸ್ಸೂ 1801ರಲ್ಲಿ ಕಂಡ ಸಿರೀಸೂ ಅದಕ್ಕೆ ಹೊಂದಿದವು. ಆದರೆ 1846ರಲ್ಲಿ ನೆಪ್ಚೂನ್ ಸಿಕ್ಕಿತು. ಸಾಲಿನ ಪ್ರಕಾರ ಅದರ ದೂರ ಸುಮಾರು 39 ಇರಬೇಕಿತ್ತು, ಇದ್ದುದು 30. ನಿಯಮದಂತೆ ತೋರುವುದೆಲ್ಲ ನಿಯಮವಲ್ಲ.

ಈ ವಿವೇಕಕ್ಕೆ ಕೋಲಾರದ ಚಿನ್ನದ ಗಣಿಗಳೇ ಸಾಕ್ಷಿ. ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ಸಂಗಡಿಗರೊಡನೆ ಉಪಕರಣಗಳನ್ನಿರಿಸಿದರು. ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತು 1965ರಲ್ಲಿ ಅಲ್ಲಿ ದೊರೆಯಿತು. ಕಣವು ಯಾವ ಗಳಿಗೆಯಲ್ಲಿ ಬರುವುದೆಂದು ಯಾರೂ ಹೇಳುವಂತಿರಲಿಲ್ಲ. ಆದರೂ ಅವರು ಅದೃಷ್ಟವನ್ನು ನಂಬಿ ಕುಳಿತವರಲ್ಲ. ಸಾವಿರಾರು ಅಡಿಗಳ ಬಂಡೆ ಇತರ ಕಣಗಳನ್ನು ತಡೆದೀತೆಂದು ಲೆಕ್ಕ ಹಾಕಿ ಆ ಸ್ಥಳವನ್ನಾರಿಸಿಕೊಂಡು ಕಾದವರು. ಅದೇ ಆಳದಲ್ಲಿ ಗಣಿಯಾಳುಗಳು ಒತ್ತಡದಿಂದ ಬಂಡೆ ಸಿಡಿಯುವ ಅಪಾಯದ ನಡುವೆ ದುಡಿದರು. ಸಿಡಿಯುವ ಕ್ಷಣವನ್ನು ಮುಂಗಾಣಲಾಗುತ್ತಿರಲಿಲ್ಲ. ಒತ್ತಡ ಎಲ್ಲಿ ಸೇರುವುದೆಂಬುದನ್ನು ಅಳೆದು ಅರಿಯಬಹುದಾಗಿತ್ತು. ಅದನ್ನೂ ಹಣೆಬರಹವೆಂದು ಕೈಬಿಟ್ಟಿದ್ದರೆ ಇನ್ನೆಷ್ಟು ಜೀವಗಳು ಹೋಗುತ್ತಿದ್ದವೋ!

2001ರಲ್ಲಿ ಗಣಿಗಳು ಮುಚ್ಚಿದವು. ಸಾವಿರಾರು ಸಂಸಾರಗಳ ಅನ್ನ ಹೋಯಿತು. ಅಂದಿನಿಂದ ಅಲ್ಲಿನ ಅನೇಕರು ಬೆಳಗಿನ ರೈಲು ಹಿಡಿದು, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಿದ್ದಾರೆ. ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಹುಟ್ಟಬೇಕೆಂಬುದನ್ನು ಯಾರೂ ಆರಿಸಿಕೊಳ್ಳಲಾರರು. ಅದು ಬಿದ್ದ ಗರ. ಶ್ರಮವೊಂದಿದ್ದರೆ ಎಲ್ಲವೂ ಕೈಗೂಡುವುದೆಂದು ಅವರಿಗೆ ಉಪದೇಶಿಸುವುದು ಆ ಗರವನ್ನು ಮರೆತ ಮಾತು. ಎಲ್ಲವೂ ಹಣೆಬರಹವೆನ್ನುವುದು ಗರದ ಮುಂದಿನ ನಡೆಯನ್ನು ಮರೆತ ಮಾತು. ಎರಡೂ ಅರ್ಧಸತ್ಯಗಳೇ.

ಆದುದರಿಂದ ಮಕ್ಕಳು ಕವಡೆ ಹಿಡಿದು ಗ್ರಹಗಳನ್ನು ಹುಟ್ಟಿಸಲಿ, ಹಿರಿಯರು ತಡೆಯದಿರಲಿ. ಆದರೆ ಪಕ್ಕದಲ್ಲಿ ಕಾಗದವೂ ಸೀಸದಕಡ್ಡಿಯೂ ಇರಲಿ. ಕವಡೆ ಹೇಳಬೇಕಾದುದನ್ನು ಕವಡೆ ಹೇಳಿದ ಮೇಲೆ, ಉಳಿದುದನ್ನು ಲೆಕ್ಕ ಹೇಳಬೇಕು.