ಜಮೀನು ಮಾರುವ ಮುನ್ನ

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಂಥ ಊರುಗಳಿಗೆ ವಿದೇಶ ಹತ್ತಿರವಾದಂತೆ ತೋರಿತು. ಜಮೀನಿನ ಬೆಲೆಯೂ ಏರಿತು. ಇರುವ ಒಂದೆರಡು ಎಕರೆ ಮಾರಿಯಾದರೂ ಪಿಯುಸಿ ಮುಗಿಸಿದ ಮಕ್ಕಳನ್ನು ಅಮೆರಿಕದ ಕಮ್ಯುನಿಟಿ ಕಾಲೇಜಿಗೆ ಕಳುಹಿಸೋಣವೆಂದು ಹೆತ್ತವರು ಯೋಚಿಸಿದರೆ ಅದರಲ್ಲಿ ಅಚ್ಚರಿಯಿಲ್ಲ.

ಈ ಹಂಬಲವನ್ನು ನಾವು ಹಳಿಯುವುದಿಲ್ಲ. ಜ್ಞಾನವನ್ನರಸಿ ದೂರ ಹೋಗುವುದು ನಮ್ಮ ಪರಂಪರೆಯೇ ಆಗಿದೆ. ಆದರೆ ಹೋಗುವ ದಾರಿ ತಿಳಿದಿರಬೇಕಲ್ಲವೇ?

1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಇಂಥ ಮೊದಲ ಸರಕಾರಿ ಕಾಲೇಜು ಹುಟ್ಟಿಕೊಂಡದ್ದು ಊರಿನ ಮಕ್ಕಳು ಊರಲ್ಲಿದ್ದೇ ಓದಲೆಂದು. ಸ್ಥಳೀಯರ ತೆರಿಗೆಯ ಬಲದಿಂದಲೇ ಅಲ್ಲಿ ಶುಲ್ಕ ಕಡಿಮೆ. ಪ್ರಚಾರ ಪತ್ರಗಳಲ್ಲಿ ಕಾಣುವ ಅಗ್ಗದ ಶುಲ್ಕ ಹೆಚ್ಚಾಗಿ ಸ್ಥಳೀಯರದು. ವಿದೇಶಿ ವಿದ್ಯಾರ್ಥಿ ಸಾಮಾನ್ಯವಾಗಿ ಅದರ ಹಲವು ಪಟ್ಟು ತೆರಬೇಕು. ಅಮೆರಿಕ ಸರಕಾರದ ವಿದ್ಯಾರ್ಥಿ ನೆರವು ಅವನಿಗೆ ಸಿಗದು. ಮೊದಲ ವರ್ಷದ ಶುಲ್ಕ ಹಾಗೂ ಜೀವನವೆಚ್ಚಕ್ಕೆ ಹಣವಿದೆಯೆಂದು ತೋರಿಸಿದ ಮೇಲಷ್ಟೇ ಕಾಲೇಜು ಐ-20 ಪತ್ರ ನೀಡುತ್ತದೆ. 'ಅಲ್ಲಿ ದುಡಿದು ಓದುತ್ತಾನೆ' ಎಂಬ ಭರವಸೆಯೂ ಪೊಳ್ಳು. ಮೊದಲ ವರ್ಷ ಕಾಲೇಜಿನ ಆವರಣದೊಳಗೆ ಮಾತ್ರ, ತರಗತಿಗಳು ನಡೆಯುವಾಗ ವಾರಕ್ಕೆ 20 ತಾಸು ಮಾತ್ರ ದುಡಿಯಲು ಅವಕಾಶ.

ಎರಡು ವರ್ಷಗಳ ಅಸೋಸಿಯೇಟ್ ಪದವಿ ನಮ್ಮ ಬಿ.ಎಸ್ಸಿ.ಗೆ ಸಮಾನವಲ್ಲ. ವಿಶ್ವವಿದ್ಯಾಲಯಕ್ಕೆ ವರ್ಗಗೊಂಡು ಇನ್ನೆರಡು ವರ್ಷ ಓದಿದರಷ್ಟೇ ಅದು ಪೂರ್ಣ ಪದವಿಯಾದೀತು. ಆದ್ದರಿಂದ ಯಾವ ವಿಶ್ವವಿದ್ಯಾಲಯ ಯಾವ ಪಾಠಗಳನ್ನು ಒಪ್ಪುತ್ತದೆಂಬುದನ್ನು ಅರ್ಜಿಗೆ ಮೊದಲೇ ಲಿಖಿತವಾಗಿ ಪಡೆಯಬೇಕು.

ವೀಸಾ ಸಿಕ್ಕಿದೊಡನೆ ಎಲ್ಲವೂ ಸರಿಯಾಯಿತೆನ್ನುವಂತಿಲ್ಲ. ಕ್ಯಾಲಿಫೋರ್ನಿಯಾದ ಟ್ರೈವ್ಯಾಲಿ ವಿಶ್ವವಿದ್ಯಾಲಯದ ಮೇಲೆ 2011ರ ಜನವರಿಯಲ್ಲಿ ದಾಳಿ ನಡೆಯಿತು. ವೀಸಾ ಪಡೆದೇ ಹೋಗಿದ್ದ ನೂರಾರು ಭಾರತೀಯ ವಿದ್ಯಾರ್ಥಿಗಳು ಅತಂತ್ರರಾದರು. ಕೆಲವರ ಕಾಲಿಗೆ ರೇಡಿಯೋ ಪಟ್ಟಿ ತೊಡಿಸಲಾಯಿತು. ಸಂಸ್ಥೆಯ ಒಡತಿಗೆ 2014ರಲ್ಲಿ 16 ವರ್ಷಕ್ಕೂ ಮಿಕ್ಕಿದ ಸಜೆಯಾಯಿತು ನಿಜ. ಆದರೆ ವಿದ್ಯಾರ್ಥಿಗಳು ಕಳೆದುಕೊಂಡ ಹಣವನ್ನೂ ವರ್ಷಗಳನ್ನೂ ಮರಳಿಸುವವರಾರು? ಆ ಸಂಸ್ಥೆಗೆ ವಿದೇಶಿಯರನ್ನು ಸೇರಿಸಿಕೊಳ್ಳುವ ಅನುಮತಿಯಿತ್ತು, ಶೈಕ್ಷಣಿಕ ಮಾನ್ಯತೆಯಿರಲಿಲ್ಲ. ಎರಡನ್ನೂ ಪರಿಶೀಲಿಸಬೇಕೆಂಬುದೇ ಇದರ ಪಾಠ.

ಸರಕಾರದ ಪಾತ್ರವನ್ನೂ ಮರೆಯುವಂತಿಲ್ಲ. ಅಲ್ಪಸಂಖ್ಯಾತರ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ನೀಡುತ್ತಿದ್ದ 'ಪಢೋ ಪರದೇಶ್' ಯೋಜನೆಯನ್ನು ಕೇಂದ್ರವು 2022-23ರಿಂದ ನಿಲ್ಲಿಸಿತು. ಅದೂ ಸ್ನಾತಕೋತ್ತರ ಹಾಗೂ ಮೇಲ್ಪಟ್ಟ ವ್ಯಾಸಂಗಕ್ಕಷ್ಟೇ ಇತ್ತು. ಪಿಯುಸಿ ಮುಗಿಸಿ ಹೋಗುವವನ ಹೊರೆ ಅಂದೂ ಇಂದೂ ಹೆತ್ತವರದೇ. ಹೀಗಾಗಿಯೇ ಜಮೀನು ಮಾರಾಟಕ್ಕೆ ಬರುತ್ತದೆ, ಇಲ್ಲವೇ ಬಡ್ಡಿಯ ಸಾಲ ಮನೆ ಹೊಕ್ಕುತ್ತದೆ.

ನಮ್ಮ ಜಮಾಅತ್‌ಗಳು ಮದುವೆ ಮಂಟಪಗಳಿಗೆ ತೋರುವ ಉತ್ಸಾಹದಲ್ಲಿ ಒಂದಂಶವನ್ನಾದರೂ ಇತ್ತ ತಿರುಗಿಸಬಾರದೇ? ಮಸೀದಿಯ ಬದಿಯ ಒಂದು ಕೋಣೆ, ಒಂದು ಕಂಪ್ಯೂಟರ್, ವಾರಕ್ಕೊಮ್ಮೆ ಬರುವ ಒಬ್ಬ ಅನುಭವಿ ಅಧ್ಯಾಪಕರು ಸಾಕು. ಅರ್ಜಿಯನ್ನು ವಿದ್ಯಾರ್ಥಿ ತಾನೇ ತುಂಬಬಲ್ಲ. ಅದಕ್ಕೆ ಏಜೆಂಟರಿಗೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ. ಹೋಗಬಲ್ಲವರು ತಿಳಿದು ಹೋಗಲಿ. ಹೋಗಲಾಗದವರಿಗೆ ದೊಡ್ಡಬಳ್ಳಾಪುರದ ಪದವಿ ಕಾಲೇಜು ಅವಮಾನವಲ್ಲವೆಂದು ಧೈರ್ಯ ಹೇಳುವವರಿರಲಿ. ಮಾರಿದ ಜಮೀನು ಮರಳಿ ಬರುವುದಿಲ್ಲ. ಕೇಳಿ ತಿಳಿಯಲು ಮಾತ್ರ ಇನ್ನೂ ಸಮಯವಿದೆ.